ತೆಳು ಅಟ್ಟೆಯ ಮೇಲೆ ಓಡಿದ ಸೀಮೆ

1920ರ ಆಗಸ್ಟ್ 22ರಂದು ಬೆಲ್ಜಿಯಂ ದೇಶದ ಆಂಟ್‌ವರ್ಪ್ ಪಟ್ಟಣದಲ್ಲಿ ಒಲಿಂಪಿಕ್ ಮ್ಯಾರಥಾನ್ ನಡೆಯಿತು. ಆ ಸಲದ ದಾರಿ ಈಗಿನದಕ್ಕಿಂತ ಉದ್ದ, 42 ಕಿಲೋಮೀಟರ್ 750 ಮೀಟರ್. ಗೆದ್ದವನು ಫಿನ್ಲೆಂಡಿನ ಹಾನ್ನೆಸ್ ಕೊಲೆಮೈನೆನ್. 19ನೆಯವರಾಗಿ, 2 ಗಂಟೆ 50 ನಿಮಿಷ ಚಿಲ್ಲರೆಗೆ ಗುರಿ ಮುಟ್ಟಿದವರು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಭಾರತ ಒಲಿಂಪಿಕ್ಸಿಗೆ ಮೊಟ್ಟಮೊದಲು ಕಳಿಸಿದ ತಂಡದಲ್ಲಿ ನಮ್ಮ ಕಡೆಯ ಈ ಓಟಗಾರರಿದ್ದರು.

ಆ ತಂಡ ಹುಟ್ಟಿದ್ದು ಹೇಗೆ ಎಂಬುದು ಬರಿಗಾಲು, ಚಪ್ಪಲಿಗಳೆಂಬ ಇವತ್ತಿನ ನನ್ನ ವಿಷಯಕ್ಕೆ ನೇರವಾಗಿ ಸೇರಿದ್ದು. ಅದರ ಹಿಂದಿನ ವರ್ಷ ಪುಣೆಯ ಡೆಕ್ಕನ್ ಜಿಮಖಾನಾದಲ್ಲಿ ಕ್ರೀಡಾಕೂಟ ನಡೆಯಿತು. ಜಿಮಖಾನಾದ ಅಧ್ಯಕ್ಷರಾಗಿದ್ದ ಸರ್ ದೋರಾಬ್ಜಿ ಟಾಟಾ ಅಲ್ಲಿ ಓಡಿದ ಹುಡುಗರನ್ನು ಕಂಡರು. ಮುಂದೆ 1929ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ ಅದನ್ನು ನೆನೆದಿದ್ದಾರೆ. ಹೊಲದಲ್ಲಿ ದುಡಿಯುವ ರೈತರ ಮಕ್ಕಳು, ಉಣ್ಣುವುದು ಬಡವರ ಊಟ, ಯುರೋಪಿನ ನಿಯಮಗಳಾಗಲಿ ತರಬೇತಿಯಾಗಲಿ ಗೊತ್ತಿಲ್ಲ, ಓಡಿದ್ದು ಬರಿಗಾಲಲ್ಲಿ. ಆದರೂ ಅವರ ವೇಗ ಯುರೋಪಿನವರ ವೇಗಕ್ಕೆ ಸರಿಸಾಟಿಯಾಗಿತ್ತು ಎಂಬುದು ಪತ್ರದ ಸಾರ. ಆ ಬೆರಗಿನಿಂದಲೇ ಟಾಟಾ ಅವರು ಹಣ ಕೊಟ್ಟು, ಕೊಡಿಸಿ ತಂಡವನ್ನು ಹಡಗು ಹತ್ತಿಸಿದರು.

ಈಗ ದೊಡ್ಡ ಶಹರಗಳಲ್ಲಿ ಓಟದ ಗೀಳು ಹತ್ತಿದವರು ದಪ್ಪ ಬೂಟು ಬಿಟ್ಟು ತೆಳು ಅಟ್ಟೆಯ ಚಪ್ಪಲಿ ಕಟ್ಟಿಕೊಂಡು ಓಡುತ್ತಿದ್ದಾರೆ. ಕೆಲವರು ಮನೆಯಲ್ಲಿ ತಾವೇ ಕತ್ತರಿಸಿ ಮಾಡಿಕೊಳ್ಳುತ್ತಾರೆ. ಇದಕ್ಕೆ ‘ಮಿನಿಮಲಿಸ್ಟ್’ ಎಂಬ ಹೆಸರಿಟ್ಟಿದ್ದಾರೆ. ಹೊಸ ಶೋಧ ಎನ್ನುವ ಹಾಗೆ ಮಾತಾಡುತ್ತಾರೆ. ನಮ್ಮ ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಯ ಮಂದಿಗೆ ಇದನ್ನು ಕೇಳಿ ನಗು ಬಂದೀತು. ಕಾಲು ಎಷ್ಟಿದೆಯೋ ಅಷ್ಟೇ ತೊಗಲು, ಅದರ ಮೇಲೆ ಒಂದು ಪಟ್ಟಿ, ಹೆಬ್ಬೆರಳಿಗೆ ಒಂದು ಉಂಗುರ. ನಮ್ಮ ಅಜ್ಜಂದಿರ ಕಾಲಲ್ಲಿದ್ದದ್ದು ಇದೇ. ಆದರೆ ನಕ್ಕು ಸುಮ್ಮನಾದರೆ ಸಾಲದು. ಆ ತೊಗಲನ್ನು ಹದ ಮಾಡಿದವರು ಯಾರು, ಹೊಲಿದವರು ಯಾರು, ಅದನ್ನು ಮೆಟ್ಟುವ ಹಕ್ಕು ಯಾರಿಗಿತ್ತು ಎಂದು ಕೇಳದೆ ಈ ಚರಿತ್ರೆ ಮುಂದೆ ಸಾಗುವುದಿಲ್ಲ.

ಮೊದಲು ನೆಲದಿಂದ ಶುರು ಮಾಡೋಣ. ಈ ನಾಲ್ಕು ತಾಲ್ಲೂಕುಗಳನ್ನು ಪೋಣಿಸುವುದು ಮಲಪ್ರಭೆ. ಖಾನಾಪುರದ ಕಣಕುಂಬಿಯಲ್ಲಿ ಹುಟ್ಟಿ, ಮುಗುಟಖಾನ ಹುಬ್ಬಳ್ಳಿಯ ಮಗ್ಗುಲಲ್ಲಿ ಹಾದು, ಸವದತ್ತಿಯ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ನಿಂತು, ಮುನವಳ್ಳಿ ದಾಟಿ ರಾಮದುರ್ಗಕ್ಕೆ ಬರುತ್ತಾಳೆ. ಪಡುವಣ ತುದಿಯ ಕಿತ್ತೂರು ಮಲೆನಾಡಿನ ಸೆರಗು. ಅಲ್ಲಿ ಕೆಂಪು ಮಣ್ಣು, ಭತ್ತದ ಗದ್ದೆ, ಜಿಟಿಜಿಟಿ ಮಳೆ. ಮೂಡಣಕ್ಕೆ ಹೋದಂತೆ ಮಳೆ ಕಡಿಮೆಯಾಗಿ ಎರೆಭೂಮಿ ಬಿಚ್ಚಿಕೊಳ್ಳುತ್ತದೆ. ಬೈಲಹೊಂಗಲದ ಹತ್ತಿ, ಜೋಳದ ಹೊಲಗಳು, ಆಮೇಲೆ ಸವದತ್ತಿ, ರಾಮದುರ್ಗದ ಕಲ್ಲುಗುಡ್ಡಗಳು.

ಎರೆಮಣ್ಣಿನ ಸ್ವಭಾವ ಬಲ್ಲವರಿಗೆ ಪಾದರಕ್ಷೆಯ ಅರ್ಧ ಕತೆ ಆಗಲೇ ಗೊತ್ತಾಗಿರುತ್ತದೆ. ಮಳೆ ಬಿತ್ತೆಂದರೆ ಎರೆ ಅಂಟಾಗುತ್ತದೆ. ಹತ್ತು ಹೆಜ್ಜೆ ನಡೆದರೆ ಚಪ್ಪಲಿಯ ಅಡಿಗೆ ಸೇರುಗಟ್ಟಲೆ ಮಣ್ಣು ಮೆತ್ತಿ ಕಾಲು ಎತ್ತಲಿಕ್ಕಾಗುವುದಿಲ್ಲ. ಆಗ ಚಪ್ಪಲಿ ಕೈಗೆ ಬರುತ್ತದೆ, ಕಾಲು ಬರಿದಾಗುತ್ತದೆ. ಬೇಸಿಗೆಯಲ್ಲಿ ಅದೇ ನೆಲ ಬಿರುಕು ಬಿಟ್ಟು, ಜೋಳದ ಕೂಳೆ ಚೂಪಾಗಿ ನಿಂತು, ಬದುವಿನ ಜಾಲಿ ಮುಳ್ಳು ಉದುರಿ, ನೆಗ್ಗಿನಮುಳ್ಳು ಹರಡಿ, ಪಾದರಕ್ಷೆ ಇಲ್ಲದೆ ಹೊಲ ದಾಟುವುದೇ ಕಷ್ಟ. ಹಾಗಾಗಿ ಇಲ್ಲಿ ಬೇಕಾದದ್ದು ಬೇಗ ಬಿಚ್ಚಿ ಕೈಯಲ್ಲಿ ಹಿಡಿಯುವಂಥ, ಮಣ್ಣು ಕೊಡವಿ ಮತ್ತೆ ಮೆಟ್ಟುವಂಥ, ಬೆರಳು ಬಿಡುವಾಗಿರುವ ಪಾದರಕ್ಷೆ. ಮುಚ್ಚಿದ ಬೂಟು ಈ ಸೀಮೆಯಲ್ಲಿ ಹುಟ್ಟದೆ ಇದ್ದದ್ದಕ್ಕೆ ಬಡತನವೊಂದೇ ಕಾರಣ ಎಂದು ನನಗನಿಸುವುದಿಲ್ಲ.

ಇನ್ನು ಮಾಡಿದವರ ಮಾತು. ಕನ್ನಡದಲ್ಲಿ ಚಪ್ಪಲಿ ಮಾಡುವವರ ದನಿ ಅಪರೂಪಕ್ಕೆ ಬಹಳ ಹಿಂದೆಯೇ ದಾಖಲಾಗಿದೆ. ಮಾದಾರ ಚೆನ್ನಯ್ಯನ ವಚನಗಳ ಅಂಕಿತದಲ್ಲೇ ಕೈಯುಳಿ, ಕತ್ತಿ, ಅಡಿಗೂಂಟಗಳು ಕೂತಿವೆ. ತನ್ನ ಹತಾರಗಳನ್ನೇ ದೇವರ ಹೆಸರಿಗೆ ಸೇರಿಸಿಕೊಂಡ ಕಸುಬುದಾರ ಅವನು. ಮಾದಾರ ಧೂಳಯ್ಯನದೂ ಅದೇ ಕಾಯಕ. ಡೋಹರ ಕಕ್ಕಯ್ಯ ತೊಗಲು ಹದ ಮಾಡುವವನು. ಸಮಗಾರ ಹರಳಯ್ಯನ ಕತೆಯಂತೂ ಎಲ್ಲರಿಗೂ ಗೊತ್ತು. ತನ್ನ ಒಂದು ಶರಣಿಗೆ ಬಸವಣ್ಣ ಎರಡು ಶರಣು ಹೇಳಿದನೆಂದು, ಆ ಋಣ ತೀರಿಸಲು ಹರಳಯ್ಯನೂ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮ ತೆಗೆದು ಚಮ್ಮಾವುಗೆ ಹೊಲಿದರು. ಬಸವಣ್ಣ ಅವನ್ನು ಕಾಲಿಗೆ ಮೆಟ್ಟದೆ ತಲೆಯ ಮೇಲಿಟ್ಟುಕೊಂಡ. ಕನ್ನಡ ನಾಡಿನ ಅತಿ ಪ್ರಸಿದ್ಧ ಪಾದರಕ್ಷೆಯನ್ನು ಯಾರಿಗೆಂದು ಹೊಲಿದರೋ ಅವನು ಮೆಟ್ಟಲೇ ಇಲ್ಲ ನೋಡಿ.

ಹರಳಯ್ಯನ ಮಗನಿಗೂ ಬ್ರಾಹ್ಮಣನಾದ ಮಧುವರಸನ ಮಗಳಿಗೂ ನಡೆದ ಮದುವೆ, ದೊರೆ ಬಿಜ್ಜಳನ ಶಿಕ್ಷೆ, ಕಲ್ಯಾಣದ ಕ್ರಾಂತಿ, ಇವು 12ನೇ ಶತಮಾನದ ಉತ್ತರಾರ್ಧದ ಘಟನೆಗಳು. ಆಮೇಲೆ ಶರಣರು ಚೆದುರಿ ಒಂದು ಗುಂಪು ಉಳವಿಯ ಕಡೆ ನಡೆದದ್ದು ನಮ್ಮ ಈ ಸೀಮೆಯ ಮೂಲಕ. ಮುಗುಟಖಾನ ಹುಬ್ಬಳ್ಳಿಯಲ್ಲಿ ಮಲಪ್ರಭೆಯ ದಂಡೆಗೆ ಬಸವಣ್ಣನ ಹೆಂಡತಿ ಗಂಗಾಂಬಿಕೆಯ ಐಕ್ಯಸ್ಥಳ ಇದೆ. ಕಿತ್ತೂರಿನಿಂದ ಪಡುವಣಕ್ಕೆ, ಖಾನಾಪುರ ತಾಲ್ಲೂಕಿನ ಕಕ್ಕೇರಿ ಆ ಡೋಹರ ಕಕ್ಕಯ್ಯನ ಊರೆಂದು ಪ್ರಸಿದ್ಧ. ಬೆನ್ನಟ್ಟಿ ಬಂದ ಸೈನ್ಯವನ್ನು ತಡೆದು ಕಾದಾಡುತ್ತ ಅವನು ಅಲ್ಲಿಯೇ ಐಕ್ಯನಾದನೆಂದು ನಂಬಿಕೆ. ತೊಗಲಿನ ಕಾಯಕದವನ ಹೆಸರನ್ನು ಒಂದು ಊರು ಹೊತ್ತಿರುವುದು ಇಲ್ಲಿ ಬಿಟ್ಟರೆ ನಾಡಿನಲ್ಲಿ ಎಷ್ಟು ಕಡೆ ಇದ್ದೀತು?

ವಚನಕಾರರು ಕೊಟ್ಟ ಮರ್ಯಾದೆಯನ್ನು ಹಳ್ಳಿ ಉಳಿಸಿಕೊಳ್ಳಲಿಲ್ಲ. ಮುಂದಿನ ಶತಮಾನಗಳಲ್ಲಿ ಸಮಗಾರರು, ಮಾದಿಗರು, ಡೋಹರರು ಆಯದ ವ್ಯವಸ್ಥೆಯೊಳಗೆ ದುಡಿದರು. ರೈತನ ಮನೆಗೆ ವರ್ಷದ ಚಪ್ಪಲಿ, ಎತ್ತಿನ ಮಿಣಿ, ಬಾರುಕೋಲು, ಬಾವಿಯಿಂದ ನೀರೆತ್ತುವ ತೊಗಲ ಚೀಲ, ಇವುಗಳ ಹೊಲಿಗೆ ಮತ್ತು ದುರಸ್ತಿ ಅವರದು. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಮೊರದ ಲೆಕ್ಕದಲ್ಲಿ ಜೋಳ. ರೊಕ್ಕದ ಮಾತೇ ಇಲ್ಲ. ಕಾಲಿನ ಅಳತೆ ಅವರಿಗೆ ಬಾಯಿಪಾಠ. ಮನೆಯ ಹಿರಿಯನ ಎಡಗಾಲು ಬಲಗಾಲಿಗಿಂತ ತುಸು ಅಗಲ ಎಂಬುದು ಸಮಗಾರನಿಗೆ ಗೊತ್ತಿದ್ದಷ್ಟು ಆ ಹಿರಿಯನ ಮಕ್ಕಳಿಗೂ ಗೊತ್ತಿರುತ್ತಿರಲಿಲ್ಲ.

ಇಷ್ಟು ಮಾಡಿಕೊಟ್ಟವನು ತಾನು ಹೊಲಿದ ಚಪ್ಪಲಿ ಮೆಟ್ಟಿಕೊಂಡು ಊರೊಳಗೆ ಬರುವಂತಿರಲಿಲ್ಲ. ಅಗಸಿ ಬಾಗಿಲ ಹತ್ತಿರ ಬಂದರೆ ಚಪ್ಪಲಿ ತೆಗೆದು ಕೈಯಲ್ಲಿ ಹಿಡಿಯಬೇಕು, ಇಲ್ಲವೆ ಕಂಕುಳಲ್ಲಿ ಸಿಕ್ಕಿಸಬೇಕು. ಎರೆಯ ಕೆಸರಿನಲ್ಲಿ ಚಪ್ಪಲಿ ಕೈಗೆ ಬರುವುದು ಮಣ್ಣಿನ ಕಾರಣ. ಅಗಸಿಯಲ್ಲಿ ಕೈಗೆ ಬರುವುದು ಮನುಷ್ಯರ ಕಾರಣ. ‘ಹಿಂದಿನವರು ಬರಿಗಾಲಲ್ಲಿ ನಡೆದು ಗಟ್ಟಿಮುಟ್ಟಾಗಿದ್ದರು’ ಎಂದು ಈಗ ಹೊಗಳುವವರು ಈ ಎರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ಬರಿಗಾಲು ಕೆಲವರಿಗೆ ಅಭ್ಯಾಸ, ಕೆಲವರಿಗೆ ಹರಕೆ, ಬಹಳ ಮಂದಿಗೆ ಅಪ್ಪಣೆ.

ಹರಕೆಯ ಮಾತು ಬಂತು. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಕೊಲ್ಲಾಪುರ, ಸಾಂಗಲಿ ಕಡೆಯಿಂದಲೂ ಮಂದಿ ಬರುತ್ತಾರೆ. ಬಂಡಿ ಕಟ್ಟಿಕೊಂಡು, ಬಂಡಿಯ ಜೊತೆಗೆ ನಡೆದುಕೊಂಡು ಬರುವ ರೂಢಿ ಇನ್ನೂ ನಿಂತಿಲ್ಲ. ಯುಗಾದಿಗೆ ಶ್ರೀಶೈಲಕ್ಕೆ ಕಂಬಿ ಹೊತ್ತು ಪಾದಯಾತ್ರೆ ಹೋಗುವವರು ಈ ಜಿಲ್ಲೆಯ ಹಳ್ಳಿಹಳ್ಳಿಯಲ್ಲಿ ಇದ್ದಾರೆ. ನೂರಾರು ಮೈಲಿ, ಫಾಲ್ಗುಣದ ಬಿಸಿಲು, ಕಾದ ಡಾಂಬರು. ಹರಕೆ ಹೊತ್ತವರ ಪಾದ ಬೊಬ್ಬೆಯೆದ್ದು, ದಾರಿಯ ಊರುಗಳಲ್ಲಿ ಜನ ಎಣ್ಣೆ ಹಚ್ಚಿ ಉಪಚರಿಸುತ್ತಾರೆ. ಮಣ್ಣಿನ ದಾರಿಯ ಬರಿಗಾಲು ಒಂದು, ಡಾಂಬರಿನ ಬರಿಗಾಲು ಇನ್ನೊಂದು.

ಓಡುವುದು ಕೂಡ ಒಂದು ಕಾಲಕ್ಕೆ ಇಲ್ಲಿ ಹೊಟ್ಟೆಪಾಡಿನ ಕೆಲಸವಾಗಿತ್ತು. ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆ ವ್ಯವಸ್ಥೆ ಮಾಡಿದರು. ನಮ್ಮ ಮುಂಬಯಿ ಪ್ರಾಂತದ ಕಡೆ ಕಂಪನಿ ಸರಕಾರದ ಟಪ್ಪಾಲು ಬಂತು. ಟಪ್ಪಾಲಿನವನು ಭುಜಕ್ಕೆ ಚೀಲ, ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು ಹಿಡಿದು ಐದಾರು ಮೈಲಿ ಓಡಿ ಮುಂದಿನವನಿಗೆ ಚೀಲ ಕೊಡುತ್ತಿದ್ದ. ಪುಣೆಯಿಂದ ಬೆಂಗಳೂರಿಗೆ ಹೋಗುವ ಹಳೆಯ ರಸ್ತೆ ಬೆಳಗಾವಿ ಬಿಟ್ಟ ಮೇಲೆ ಮುಗುಟಖಾನ ಹುಬ್ಬಳ್ಳಿ, ಕಿತ್ತೂರು ಹಾದು ಧಾರವಾಡಕ್ಕೆ ಬರುತ್ತದೆ. ಈ ನಾಲ್ಕು ತಾಲ್ಲೂಕಿನ ಪಟ್ಟಣಗಳಿಗೆ ಇವತ್ತಿನವರೆಗೂ ರೈಲು ಬಂದಿಲ್ಲ ಎಂಬುದನ್ನು ನೆನೆದರೆ, ಇಲ್ಲಿ ಸುದ್ದಿ ಎಷ್ಟು ವರ್ಷ ಮನುಷ್ಯರ ಕಾಲ ಮೇಲೆಯೇ ಓಡಾಡಿರಬೇಕು ಎಂಬ ಅಂದಾಜು ಬರುತ್ತದೆ.

ಸಂಗೊಳ್ಳಿ ರಾಯಣ್ಣನ ದಂಡು ಕೂಡ ಹಾಗೆಯೇ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಮುಂದೆ ಕಂಪನಿಯ ಅಧಿಕಾರಿ ಥ್ಯಾಕರೆ ಬಿದ್ದ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರವರಿಯಲ್ಲಿ ತೀರಿಕೊಂಡಳು. ಆಮೇಲೆ ರಾಯಣ್ಣ ಹೂಡಿದ್ದು ನಿಂತು ಕಾದುವ ಯುದ್ಧವಲ್ಲ. ರಾತ್ರಿ ಬೀಡಿ ಊರು, ನಂದಗಡ, ಖಾನಾಪುರದ ಕಾಡಿನ ಅಂಚು, ಬೆಳಗಾಗುವುದರೊಳಗೆ ಸಂಪಗಾವಿಯ ಬಯಲು. ಅವನ ಬೆನ್ನಿಗಿದ್ದವರು ಶೇತಸನದಿಗಳು, ಅಂದರೆ ಊರಕಾವಲಿಗೆ ಹೊಲ ಪಡೆದವರು. ಅವರ ಬಂಡವಾಳ ಎರಡು ಕಾಲು ಮತ್ತು ನೆಲದ ಪರಿಚಯ. 1830ರಲ್ಲಿ ರಾಯಣ್ಣ ಮೋಸದಿಂದ ಸೆರೆ ಸಿಕ್ಕುವವರೆಗೆ ಕಂಪನಿಯ ಕುದುರೆ, ಬೂಟುಗಳಿಗೆ ಆ ಕಾಲು ಎಟುಕಲಿಲ್ಲ. 1831ರ ಜನವರಿ 26ರಂದು ನಂದಗಡದಲ್ಲಿ ಅವನು ಗಲ್ಲಿಗೇರಿದ.

ಈಗ ಆ ಚಪ್ಪಲಿಯನ್ನು ಕೈಗೆತ್ತಿಕೊಳ್ಳೋಣ. ಪೇಟೆಯಲ್ಲಿ ಅದಕ್ಕೆ ಕೊಲ್ಲಾಪುರಿ ಎಂದು ಹೆಸರು. ಆದರೆ ಅದು ಹುಟ್ಟುವ ಸೀಮೆ ಎರಡು ರಾಜ್ಯಗಳಿಗೆ ಸೇರಿದ್ದು. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ಕೊಲ್ಲಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ನಮ್ಮ ಕಡೆ ಈ ಕಸುಬಿನ ದೊಡ್ಡ ನೆಲೆ ಅಥಣಿ, ಮದಭಾವಿ, ನಿಪ್ಪಾಣಿ. ಮಲಪ್ರಭೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಅಷ್ಟು ದೊಡ್ಡ ಓಣಿಗಳಿಲ್ಲ. ಇಲ್ಲಿ ಊರಿಗೊಂದೆರಡು ಮನೆ, ಸಂತೆಗೊಂದು ಸಾಲು.

ಮಾಡುವ ಬಗೆ ಕೇಳಿ. ಅಟ್ಟೆಗೆ ಎಮ್ಮೆಯ ತೊಗಲು, ಮೇಲಿನ ಹೆಣಿಗೆಗೆ ಆಡಿನ ತೊಗಲು. ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ತೆಗೆಯುತ್ತಾರೆ. ಮಾಂಸದ ಪೊರೆ ಕೆರೆಯುತ್ತಾರೆ. ಆಮೇಲೆ ಹದ. ಜಾಲಿಯ ತೊಗಟೆ, ಅಳಲೆಕಾಯಿ ಕುಟ್ಟಿ ನೀರಿಗೆ ಹಾಕಿ ರಸ ತೆಗೆದು, ತೊಗಲನ್ನೇ ಚೀಲದಂತೆ ಹೊಲಿದು ತೂಗುಹಾಕಿ ಅದರೊಳಗೆ ರಸ ತುಂಬುತ್ತಾರೆ. ರಸ ತೊಗಲಿನೊಳಗಿಂದ ಇಳಿದು ಕೆಳಗೆ ತೊಟ್ಟಿಕ್ಕುತ್ತದೆ. ಅದನ್ನೇ ಹಿಡಿದು ಮತ್ತೆ ಮೇಲೆ ಸುರಿಯುತ್ತಾರೆ. ವಾರಗಟ್ಟಲೆ ಇದೇ ಕೆಲಸ. ಕಾಲು ಚುಚ್ಚುವ ಜಾಲಿಯ ಮುಳ್ಳಿಗೆ ಅಡ್ಡ ಬರುವ ತೊಗಲು ಅದೇ ಜಾಲಿಯ ತೊಗಟೆಯಿಂದ ಹದಗೊಳ್ಳುತ್ತದೆ.

ಹದವಾದ ತೊಗಲಿನ ಮೇಲೆ ಪಾದದ ಗುರುತು ಹಾಕಿ ರಾಂಪಿಯಿಂದ ಕತ್ತರಿಸುತ್ತಾರೆ. ಅಟ್ಟೆ ಎರಡು ಪದರ. ಬೆರಳಿನ ಉಂಗುರ, ಮಗ್ಗುಲ ಕಿವಿಗಳು, ಅಡ್ಡಪಟ್ಟಿ, ಇವುಗಳ ತುದಿಯನ್ನು ಪದರಗಳ ನಡುವೆ ಸೇರಿಸಿ ಆರಿಯಿಂದ ತೂತು ಮಾಡಿ ತೊಗಲಿನ ಸಣ್ಣ ಎಳೆಯಿಂದಲೇ ಹೊಲಿಯುತ್ತಾರೆ. ಮೊಳೆ ಇಲ್ಲ. ಕತ್ತರಿಸುವುದು, ಅಟ್ಟೆ ಬಡಿಯುವುದು ಗಂಡಸರ ಕೆಲಸ. ಎಳೆ ಹೆಣೆಯುವುದು, ಹೊಲಿಯುವುದು ಹೆಂಗಸರದು. ಕೊಂಡವನು ಗಂಡಸಿನ ಕೈಯನ್ನಷ್ಟೇ ಹೊಗಳಿ ಹೋಗುವುದು ವಾಡಿಕೆ. 1990ರ ದಶಕದ ಕೊನೆಗೆ ಮಧುರಾ ಛತ್ರಪತಿ ಅವರು ಅಥಣಿಯಲ್ಲಿ ‘ಟೋಹೋಲ್ಡ್’ ಸಂಸ್ಥೆ ಕಟ್ಟಿದಾಗ ಮೊದಲು ಹಿಡಿದದ್ದು ಈ ಹೆಂಗಸರ ಸಂಘಗಳನ್ನೇ. ಅವರ ಕೈಕೆಲಸ ಹೊರದೇಶಗಳಿಗೂ ಹೋಯಿತು.

ಹೊಸ ಚಪ್ಪಲಿ ಕಚ್ಚುತ್ತದೆ. ‘ಕಚ್ಚತೈತಿ, ಎಣ್ಣಿ ಹಚ್ಚ್ರಿ’ ಎಂದು ಹೇಳಿಯೇ ಕೊಡುತ್ತಾರೆ. ಔಡಲೆಣ್ಣೆಯೋ ಕುಸುಬಿ ಎಣ್ಣೆಯೋ ಕುಡಿಸಿ ಕೆಲವು ದಿನ ಮೆಟ್ಟಿದರೆ ಅಟ್ಟೆಯಲ್ಲಿ ಮೆಟ್ಟಿದವನ ಐದೂ ಬೆರಳು, ಹಿಮ್ಮಡಿ ಅಚ್ಚೊತ್ತುತ್ತವೆ. ಆಮೇಲೆ ಅದು ಬೇರೆಯವರ ಕಾಲಿಗೆ ಒಗ್ಗುವುದಿಲ್ಲ.

ಈ ಕಸುಬಿಗೆ ಓದಿದವರ ಕೈ ಸೋಕಿದ ಒಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ದಕ್ಷಿಣ ಆಫ್ರಿಕಾದಲ್ಲಿ ಗಾಂಧೀಜಿ 1910ರಲ್ಲಿ ಟಾಲ್‌ಸ್ಟಾಯ್ ಫಾರ್ಮ್ ಶುರು ಮಾಡಿದರು. ಅವರ ಗೆಳೆಯ ಕಾಲೆನ್‌ಬಾಕ್ ಕ್ರೈಸ್ತ ಸನ್ಯಾಸಿಗಳ ಮಠವೊಂದರಲ್ಲಿ ಚಪ್ಪಲಿ ಮಾಡುವುದನ್ನು ಕಲಿತು ಬಂದರು. ಅವರಿಂದ ಗಾಂಧೀಜಿ ಕಲಿತರು, ಉಳಿದವರಿಗೆ ಕಲಿಸಿದರು. ತಮ್ಮನ್ನು ಜೈಲಿಗೆ ಹಾಕಿದ ಜನರಲ್ ಸ್ಮಟ್ಸ್‌ಗೆ 1914ರಲ್ಲಿ ಒಂದು ಜೊತೆ ಕೊಟ್ಟು ಬಂದರು. ಸ್ಮಟ್ಸ್ 1939ರಲ್ಲಿ, ಗಾಂಧೀಜಿಗೆ 70 ತುಂಬಿದಾಗ, ಅದನ್ನು ಮರಳಿ ಕಳಿಸಿದ. ಆ ಗಾಂಧೀಜಿ 1924ರ ಡಿಸೆಂಬರಿನಲ್ಲಿ ಬೆಳಗಾವಿಯ ಕಾಂಗ್ರೆಸ್ಸಿಗೆ ಅಧ್ಯಕ್ಷರಾಗಿ ಬಂದರು, 1937ರಲ್ಲಿ ಬೆಳಗಾವಿ ಹತ್ತಿರದ ಹುದಲಿಗೆ ಬಂದರು. ಬ್ಯಾರಿಸ್ಟರನೊಬ್ಬ ಚಪ್ಪಲಿ ಹೊಲಿದರೆ ಅದು ಸುದ್ದಿಯಾಯಿತು. ಹುಟ್ಟಿನಿಂದ ಹೊಲಿಯುತ್ತ ಬಂದವರು ಅಗಸಿಯಲ್ಲಿ ಇನ್ನೂ ಚಪ್ಪಲಿ ಬಿಚ್ಚುತ್ತಲೇ ಇದ್ದರು.

ಮುಂದೆ ರಸ್ತೆಗೆ ಲಾರಿ ಬಂತು, ಬಂಡಿಗೆ ಕಬ್ಬಿಣದ ಪಟ್ಟಿ ಹೋಗಿ ರಬ್ಬರಿನ ಗಾಲಿ ಬಂತು. ಡನ್ಲಪ್ ಗಾಡಿ ಎಂದು ಈಗಲೂ ಕರೆಯುತ್ತೇವಲ್ಲ, ಅದು. ಸವೆದ ಟೈರು ಸಮಗಾರನ ಕೈಗೆ ಬಂದು ಟೈರ್ ಚಪ್ಪಲಿಯಾಯಿತು. ತೊಗಲಿನ ಅಟ್ಟೆ ನೀರಿಗೆ ಉಬ್ಬುತ್ತದೆ, ಬಿಸಿಲಿಗೆ ಸುರುಟುತ್ತದೆ, ಮುಳ್ಳಿಗೆ ಒಮ್ಮೊಮ್ಮೆ ಸೋಲುತ್ತದೆ. ಟೈರಿಗೆ ಈ ಮೂರೂ ಕಾಟವಿಲ್ಲ. ಒಳಗಿನ ನೈಲಾನ್ ನೂಲಿನ ಹಾಸು ಬಳ್ಳಾರಿ ಜಾಲಿಯ ಮುಳ್ಳನ್ನೂ ತಡೆಯುತ್ತದೆ. ಕಬ್ಬು ಕಡಿಯುವವರು, ಗಾರೆಯವರು, ದನಗಾಹಿಗಳು ಇದನ್ನು ಮೆಟ್ಟಿ ವರ್ಷಗಟ್ಟಲೆ ಬಾಳಿಸಿದರು. ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಪೂರ್ವ ಆಫ್ರಿಕಾದ ಮಸಾಯಿ ದನಗಾಹಿಗಳು, ವಿಯೆಟ್ನಾಮಿನ ಹೋ ಚಿ ಮಿನ್ ಸೈನಿಕರು ಟೈರನ್ನೇ ಮೆಟ್ಟಿದರು. ಮೆಕ್ಸಿಕೋದ ಚಿವಾವಾ ಪ್ರಾಂತದ ಕಮರಿಗಳಲ್ಲಿ ವಾಸಿಸುವ ರರಾಮುರಿ ಜನ ಟೈರಿನ ತುಂಡಿಗೆ ತೊಗಲಿನ ದಾರ ಕಟ್ಟಿ ಓಡುತ್ತಾರೆ.

ಆ ರರಾಮುರಿಗಳಿಂದಲೇ ಜಗತ್ತಿನ ಕಣ್ಣು ತೆರೆಯಿತು. ಅಮೆರಿಕದ ಕೊಲೊರಾಡೊ ರಾಜ್ಯದ ಲೆಡ್‌ವಿಲ್ ಎಂಬಲ್ಲಿ 3,000 ಮೀಟರಿಗಿಂತ ಎತ್ತರದ ಬೆಟ್ಟಗಳಲ್ಲಿ 100 ಮೈಲಿಯ ಓಟ ನಡೆಯುತ್ತದೆ. 1993ರಲ್ಲಿ ಅದನ್ನು ಗೆದ್ದವನು 55 ವರ್ಷದ ರರಾಮುರಿ ರೈತ ವಿಕ್ಟೋರಿಯಾನೊ ಚುರ್ರೊ, ಕಾಲಲ್ಲಿ ಟೈರಿನ ಚಪ್ಪಲಿ. 2009ರಲ್ಲಿ ಕ್ರಿಸ್ಟೋಫರ್ ಮೆಕ್‌ಡೂಗಲ್ ಈ ಜನರ ಮೇಲೆ ಪುಸ್ತಕ ಬರೆದರು. 2010ರಲ್ಲಿ ಹಾರ್ವರ್ಡಿನ ಡೇನಿಯಲ್ ಲೀಬರ್‌ಮನ್ ‘ನೇಚರ್’ ಪತ್ರಿಕೆಯಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಬೂಟಿನವರು ಹೆಚ್ಚಾಗಿ ಹಿಮ್ಮಡಿ ಊರಿ ಓಡುತ್ತಾರೆ, ಬರಿಗಾಲಿನ ರೂಢಿ ಇದ್ದವರು ಮುಂಗಾಲು ಇಲ್ಲವೆ ನಡುಗಾಲು ಊರುತ್ತಾರೆ, ಹಾಗಾಗಿ ನೆಲ ತಾಗಿದಾಗಿನ ಪೆಟ್ಟು ಅವರಿಗೆ ಕಡಿಮೆ ಎಂದು ಅದರಲ್ಲಿತ್ತು. ಕಾಲಿನ ಮೇಲಿನ ತೂಕದ ಲೆಕ್ಕವೂ ಇದೆ. ಒಂದೊಂದು ಕಾಲಿಗೂ 100 ಗ್ರಾಂ ಹೆಚ್ಚಾದರೆ ಓಡುವವನ ಶ್ರಮ ಸುಮಾರು 1 ಪ್ರತಿಶತ ಏರುತ್ತದೆ.

ಇಷ್ಟಾದ ಮೇಲೆ ಕೇಳಬೇಕೆ? ಪುಸ್ತಕ ಓದಿದವರೆಲ್ಲ ರಾತ್ರೋರಾತ್ರಿ ಬೂಟು ಎಸೆದರು. ಪೆಟ್ಟೂ ತಿಂದರು. 2013ರಲ್ಲಿ ಅಮೆರಿಕದಲ್ಲಿ ನಡೆದ ಪರೀಕ್ಷೆಯೊಂದರಲ್ಲಿ, ಬೆರಳುಗವಸಿನಂಥ ತೆಳು ಬೂಟಿಗೆ ಹತ್ತು ವಾರದಲ್ಲಿ ಬದಲಾದ 19 ಓಟಗಾರರಲ್ಲಿ 10 ಜನರ ಪಾದದ ಎಲುಬಿನ ಒಳಗೆ ಊತ ಕಂಡುಬಂತು. ಅಂಥ ಬೂಟು ಮಾರುತ್ತಿದ್ದ ವಿಬ್ರಾಂ ಕಂಪನಿ, ಆರೋಗ್ಯದ ಲಾಭದ ಬಗ್ಗೆ ಆಧಾರವಿಲ್ಲದ ಜಾಹೀರಾತು ಕೊಟ್ಟಿತೆಂಬ ದಾವೆಯಲ್ಲಿ 2014ರಲ್ಲಿ 37.5 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ಹುಟ್ಟಿದಾಗಿನಿಂದ ಬರಿಗಾಲಲ್ಲಿ ಬೆಳೆದ ಪಾದ ಬೇರೆ, ಬಾಲವಾಡಿಯಿಂದಲೇ ಬೂಟಿನೊಳಗಿದ್ದ ಪಾದ ಬೇರೆ.

ಇತ್ತ ನಮ್ಮ ಚಪ್ಪಲಿಯ ಬೆಲೆ ಇನ್ನೊಂದು ಬಗೆಯಲ್ಲಿ ಬಯಲಾಯಿತು. 2025ರ ಜೂನಿನಲ್ಲಿ ಇಟಲಿಯ ಮಿಲಾನಿನಲ್ಲಿ ಪ್ರಾಡಾ ಕಂಪನಿ ತನ್ನ ಪ್ರದರ್ಶನದಲ್ಲಿ ಬೆರಳಿನ ಉಂಗುರವಿದ್ದ ತೊಗಲಿನ ಚಪ್ಪಲಿ ತೋರಿಸಿತು, ಎಲ್ಲಿಯದೆಂದು ಹೇಳಲಿಲ್ಲ. ಗದ್ದಲವೆದ್ದ ಮೇಲೆ ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಲಿಡ್‌ಕಾಂ, ನಮ್ಮ ರಾಜ್ಯದ ಲಿಡ್ಕರ್ ನಿಗಮಗಳ ಜೊತೆ ಒಪ್ಪಂದವಾಗಿ, 2,000 ಜೊತೆ ಇಲ್ಲಿಯೇ ಮಾಡಿಸುವುದಾಗಿ, ಬೆಲೆ ಜೊತೆಗೆ ಸುಮಾರು 800 ಯೂರೋ ಎಂದು ಪ್ರಕಟವಾಯಿತು. ನಮ್ಮ ಸಂತೆಯಲ್ಲಿ ಚಪ್ಪಲಿಗೆ ಐವತ್ತು ರೂಪಾಯಿ ಕಡಿಮೆ ಮಾಡಿಸಲು ಅರ್ಧ ತಾಸು ಚೌಕಾಶಿ ಮಾಡುವವರು ಈ ಅಂಕಿಯನ್ನು ಒಮ್ಮೆ ರೂಪಾಯಿಗೆ ತಿರುಗಿಸಿ ನೋಡಬೇಕು.

ಓಡಲು ಈ ಚಪ್ಪಲಿ ಆದೀತೆ ಎಂದು ಕೇಳಿದರೆ, ಇದ್ದ ಹಾಗೆ ಆಗುವುದಿಲ್ಲ ಎಂದೇ ನನ್ನ ಉತ್ತರ. ಕೊಲ್ಲಾಪುರಿಗೆ ಹಿಮ್ಮಡಿಯ ಹಿಂದೆ ಹಿಡಿತವಿಲ್ಲ. ನಡೆಯುವಾಗ ಬೆರಳು ಒತ್ತಿ ಹಿಡಿಯುತ್ತದೆ. ಓಡಿದರೆ ಅಟ್ಟೆ ಪಟಪಟ ಬಡಿಯುತ್ತದೆ, ಬೆರಳು ಸೋಲುತ್ತದೆ. ರರಾಮುರಿಗಳ ಚಪ್ಪಲಿಯಲ್ಲಿ ದಾರ ಹಿಮ್ಮಡಿಯ ಹಿಂದೆ ಸುತ್ತಿ ಬರುತ್ತದೆ. ಆದರೆ ಅದರಲ್ಲಿ ಬೆರಳಸಂದಿಯ ತೂತಿನಲ್ಲಿ ಇಳಿದ ದಾರದ ಗಂಟು ಅಟ್ಟೆಯ ಅಡಿಗೆ ಉಳಿದು, ನೆಲಕ್ಕೆ ಉಜ್ಜಿ ಮೊದಲು ಹರಿಯುವುದು ಅದೇ. ನಮ್ಮ ಸಮಗಾರರು ಉಂಗುರದ ತುದಿಯನ್ನು ಎರಡು ಪದರಗಳ ನಡುವೆ ಹೊಲಿದು ಈ ತಾಪತ್ರಯವನ್ನು ಎಂದೋ ಬಗೆಹರಿಸಿದ್ದಾರೆ. ಅವರ ಹಿಮ್ಮಡಿ, ನಮ್ಮವರ ಬೆರಳು ಸೇರಿದರೆ ಓಟದ ಚಪ್ಪಲಿಯಾಗುತ್ತದೆ.

ಮನೆಯಲ್ಲಿ ಮಾಡಿಕೊಳ್ಳುವವರು ರಟ್ಟಿನ ಮೇಲೆ ನಿಂತು, ಕುಳಿತು ಅಲ್ಲ, ಪಾದದ ಗುರುತು ತೆಗೆಯಬೇಕು. ಭಾರ ಬಿದ್ದಾಗ ಪಾದ ಹರಡುತ್ತದೆ. ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸಂದಿಗೆ ಒಂದು ತೂತು, ಕಣಕಾಲ ಗಂಟಿಗಿಂತ ತುಸು ಮುಂದೆ ಎರಡೂ ಮಗ್ಗುಲಿಗೆ ಒಂದೊಂದು. ಟೈರು ಆರಿಸುವಾಗ ನೈಲಾನ್ ಹಾಸಿನದನ್ನೇ ಕೇಳಿ. ಈಗಿನ ಲಾರಿಗಳ ರೇಡಿಯಲ್ ಟೈರಿನೊಳಗೆ ಉಕ್ಕಿನ ತಂತಿ ಇರುತ್ತದೆ, ರಾಂಪಿಯ ಬಾಯಿ ಹೋಗುತ್ತದೆ, ತಂತಿಯ ತುದಿ ಕಾಲು ಸೀಳುತ್ತದೆ. ಬಂಡಿಯ, ಟ್ರ್ಯಾಕ್ಟರ್ ಟ್ರೇಲಿಯ ಹಳೆಯ ಟೈರು ಮೇಲು. ಅಲಗನ್ನು ಸಾಬೂನಿನ ನೀರಿನಲ್ಲಿ ಅದ್ದುತ್ತ ಕೊಯ್ದರೆ ರಬ್ಬರು ಹಿಡಿಯುವುದಿಲ್ಲ. ಬಸ್‌ಸ್ಟ್ಯಾಂಡಿನ ಮಗ್ಗುಲಲ್ಲಿ ಶಾಲೆಯ ಚೀಲದ ಜಿಪ್ಪು ರಿಪೇರಿ ಮಾಡುತ್ತ ಕುಳಿತ ಸಮಗಾರ ಅಣ್ಣನ ಹತ್ತಿರ ಈ ರಟ್ಟು ಒಯ್ದರೆ ನೀವು ಒಂದು ದಿನ ಹೆಣಗುವುದನ್ನು ಅವರು ಒಂದು ತಾಸಿನಲ್ಲಿ ಮಾಡಿಯಾರು. ಹಿಮ್ಮಡಿಯ ಪಟ್ಟಿ ಹಾಕಿಕೊಡಿರಿ ಎಂದು ಹೇಳುವುದನ್ನು ಮರೆಯಬೇಡಿ, ಕೇಳಿದಷ್ಟು ಕೊಡಿ.

ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಭರ್ತಿಗೆಂದು ಹಳ್ಳಿಯ ಹುಡುಗರು, ಪೊಲೀಸ್ ನೇಮಕಾತಿಗೆಂದು ಹುಡುಗಿಯರು ನಸುಕಿನಲ್ಲಿ ರಸ್ತೆಯ ಅಂಚಿಗೆ ಓಡುತ್ತಾರೆ. ಸೈನ್ಯದ ಭರ್ತಿಯ ಓಟ 1,600 ಮೀಟರ್. ಬಹಳ ಮಂದಿಯ ಕಾಲಲ್ಲಿ ಸಂತೆಯ ಅಗ್ಗದ ಬೂಟು ಇರುತ್ತದೆ, ತಿಂಗಳೊಪ್ಪತ್ತಿಗೆ ಅದರ ಅಟ್ಟೆ ಬಾಯಿಬಿಡುತ್ತದೆ. ಅವರು ಒಂದು ಜೊತೆ ಟೈರ್ ಚಪ್ಪಲಿ ಇಟ್ಟುಕೊಳ್ಳಲಿ ಎಂಬುದು ನನ್ನ ಸೂಚನೆ. ಆದರೆ ಭರ್ತಿಯ ದಿನಕ್ಕೆ ಎರಡು ವಾರ ಮೊದಲು ಬದಲಾಯಿಸಬೇಡಿ. ಮೊದಲು ಮನೆ, ಹೊಲದ ಓಡಾಟಕ್ಕೆ ಮೆಟ್ಟಿ, ಆಮೇಲೆ ಡಾಂಬರು ಬಿಟ್ಟು ಬಂಡಿಜಾಡಿನ ಮಣ್ಣಿನ ಮೇಲೆ ಒಂದು ಫರ್ಲಾಂಗು ಓಡಿ. ಹೆಜ್ಜೆ ಗಿಡ್ಡ ಇರಲಿ, ಬೇಗ ಬೀಳಲಿ, ಹಿಮ್ಮಡಿ ಕೊನೆಗೆ ತಾಗಲಿ. ಮೀನಖಂಡ ಹಿಡಿದರೆ ಮರುದಿನ ಬಿಡುವು ಕೊಡಿ. ಪಾದದ ಮೇಲ್ಭಾಗದ ಎಲುಬು ನೋಯತೊಡಗಿದರೆ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇದ್ದವರು, ಪಾದ ಜೋಮು ಹಿಡಿಯುವವರು ಈ ಉಸಾಬರಿಗೆ ಹೋಗುವುದೇ ಬೇಡ.

ಮಳೆಗಾಲದಲ್ಲಿ ಸವದತ್ತಿ, ಬೈಲಹೊಂಗಲದ ಎರೆಯಲ್ಲಿ ಯಾವ ಚಪ್ಪಲಿಯೂ ನಡೆಯದು. ಕಿತ್ತೂರು ಕಡೆಯ ಕೆಂಪು ಮಣ್ಣಿನ ದಾರಿ, ರಾಮದುರ್ಗದ ಕಲ್ಲುಗುಡ್ಡದ ಏರು ಆಗಲೂ ಓಡಲು ಬರುತ್ತವೆ. ಒದ್ದೆ ರಬ್ಬರಿನ ಮೇಲೆ ಪಾದ ಜಾರುತ್ತದೆ. ಅದಕ್ಕೆ ಅಟ್ಟೆಯ ಮೇಲ್ಮೈಗೆ ತೆಳು ಆಡಿನ ತೊಗಲು ಅಂಟಿಸಿ ಅಂಚು ಹೊಲಿಸಿಕೊಳ್ಳಿ, ಒರಟು ಮಗ್ಗುಲು ಮೇಲಕ್ಕಿರಲಿ.